ಹಲೋ, ನಾನು ಫ್ಲೈಟಲ್ಲಿದ್ದೀನಿ

1996ರಲ್ಲಿ ಮೊದಲ ಸಲ ವಿದೇಶಕ್ಕೆ ಹೊರಟಾಗ ನನ್ನ ಮುಂದಿನ ಸೀಟಿನ ಬೆನ್ನಿಗೆ ಒಂದು ಫೋನು ಅಂಟಿಕೊಂಡಿತ್ತು. ಕ್ರೆಡಿಟ್ ಕಾರ್ಡ್ ಉಜ್ಜಿದರೆ ಮಾತ್ರ ಗೂಡು ಬಿಟ್ಟು ಈಚೆ ಬರುತ್ತಿತ್ತು. ನಿಮಿಷಕ್ಕೆ ಹತ್ತಿರ ಹತ್ತಿರ 10 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 350 ರೂಪಾಯಿ. ರಾತ್ರಿ 11 ಆಗಲಿ, ಕಾಲು ರೇಟಿಗೆ ಮಾತಾಡೋಣ ಅಂತ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಂತು, ಒಳಗೆ ಹೋದಮೇಲೂ ಮಾತು ಬಿಟ್ಟು ಮೀಟರಿನ ಕೆಂಪು ಅಂಕಿಯನ್ನೇ ನೋಡುತ್ತಿದ್ದ ಜನ ನಾವು. ಮೊಣಕಾಲು ತಾಗಿ ಎಲ್ಲಿ ಬಿಲ್ ಬಂದುಬಿಡುತ್ತೋ ಅಂತ ನಾನು ಕಾಲು ಮಡಚಿಕೊಂಡೇ ಕೂತಿದ್ದೆ.

ಪಕ್ಕದ ಸಾಲಿನ ಟೈ ಕಟ್ಟಿದ ಸಾಹೇಬರಿಗೆ ಆ ಭಯ ಇರಲಿಲ್ಲ. ಉಜ್ಜಿಯೇ ಬಿಟ್ಟರು.

ಈಗ ಏರ್ಪಾಡು ನೋಡಿ. ವಿಮಾನ ಇರುವುದು ನೆಲದಿಂದ ಬರೀ 11 ಕಿಲೋಮೀಟರ್ ಮೇಲೆ. ಆದರೆ ಸಮುದ್ರದ ಮಧ್ಯೆ ಟವರ್ ಎಲ್ಲಿಂದ ತರುತ್ತೀರಿ? ಹಾಗಾಗಿ ಮಾತು ವಿಮಾನದ ನೆತ್ತಿಯ ಆಂಟೆನಾದಿಂದ ಹೊರಟು, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಇನ್‌ಮಾರ್‌ಸ್ಯಾಟ್ ಉಪಗ್ರಹಕ್ಕೆ ಹತ್ತಿ (1979ರಲ್ಲಿ ಹಡಗುಗಳಿಗೆಂದು ಹುಟ್ಟಿದ ಸಂಸ್ಥೆ ಅದು, ಮುಳುಗುವವರು ಕೂಗಿಕೊಳ್ಳಲಿ ಅಂತ), ಮತ್ತೆ ಅಷ್ಟೇ ದೂರ ಇಳಿದು, ಗ್ರೌಂಡ್ ಸ್ಟೇಷನ್ ಸೇರಿ, ಅಲ್ಲಿಂದ ಮಾಮೂಲಿ ಫೋನ್ ಲೈನು ಹಿಡಿದು ಮನೆ ಮುಟ್ಟುತ್ತದೆ. ಇಷ್ಟು ಸುತ್ತಿ ಸಾಹೇಬರ ಹೆಂಡತಿಯ ಕಿವಿಗೆ ಬಿದ್ದ ಮಾತು: "ಹಲೋ, ನಾನು ಫ್ಲೈಟಲ್ಲಿದ್ದೀನಿ."

ಅವರಿಗೆ ಗೊತ್ತಿಲ್ಲದ್ದೇನಲ್ಲ. ಇಡ್ಲಿ ಕಟ್ಟಿ ಕಳಿಸಿದವರು ಅವರೇ ತಾನೇ. ಸಾಹೇಬರ ತೊಡೆಯ ಮೇಲಿದ್ದ ಸ್ಟೀಲ್ ಡಬ್ಬಿಯೇ ಸಾಕ್ಷಿ.

ಇನ್ನು ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಬೇಕು. ಇವರು ಹಲೋ ಅಂದರು. ಉತ್ತರ ಬರಲಿಲ್ಲ ಅಂತ ಇನ್ನೊಂದು ಹಲೋ. ಅಷ್ಟರಲ್ಲಿ ಮೊದಲನೇ ಹಲೋದ ಉತ್ತರ ಬಂದು ಎರಡನೆಯದಕ್ಕೆ ಡಿಕ್ಕಿ. "ಹಾಂ, ನೀನು ಹೇಳು." "ಹೇಳು ಹೇಳು." ಈ ಮರ್ಯಾದೆಯಲ್ಲೇ ಮೊದಲ 350 ರೂಪಾಯಿ ಖಲಾಸ್. ಎರಡನೇ 350ಕ್ಕೆ, "ಊಟ ಆಯ್ತಾ?"

ಫ್ಯಾಕ್ಸಿನದು ಇನ್ನೂ ಚೆಂದ. ಹೌದು, ಕೆಲವು ವಿಮಾನಗಳಲ್ಲಿ ಅದೂ ಇತ್ತು. ಸೆಕೆಂಡಿಗೆ 4,800 ಬಿಟ್‌ನಂತೆ ತೆವಳಿಕೊಂಡು ಆಕಾಶಕ್ಕೆ ಹೋಗಿ ಬಂದ ಆ ಪುಟ, ಬೆಳಗಿನ ಜಾವ 3 ಗಂಟೆಗೆ ಬೀಗ ಹಾಕಿದ ಆಫೀಸಿನಲ್ಲಿ ಸುರುಳಿ ಸುತ್ತಿಕೊಂಡು ನೆಲಕ್ಕೆ ಬೀಳುತ್ತಿತ್ತು. ಬೆಳಿಗ್ಗೆ ಕಸ ಗುಡಿಸುವವರ ಕೈಗೆ ಸಿಗುವಷ್ಟರಲ್ಲಿ ಕಳಿಸಿದ ಪುಣ್ಯಾತ್ಮ ಇಳಿದು ಹೋಟೆಲು ಸೇರಿರುತ್ತಿದ್ದ. ಅದಕ್ಕೂ ಮುಂಚೆ ಇನ್ನೊಂದು ಖರ್ಚು ಇದೆ. "ಫ್ಯಾಕ್ಸ್ ಬಂತಾ?" ಅಂತ ಫೋನ್ ಮಾಡದೆ ಫ್ಯಾಕ್ಸ್ ಕಳಿಸಿದವರನ್ನು ನಾನಂತೂ ಕಂಡಿಲ್ಲ.

ನಮ್ಮ ಸರ್ಕಾರ ಮಾತ್ರ ನಿಧಾನಕ್ಕೆ ಯೋಚನೆ ಮಾಡಿತು. ಜಗತ್ತು ಆ ಸೀಟಿನ ಫೋನುಗಳನ್ನು ಕಿತ್ತು ಟಿವಿ ಕೂರಿಸಿ ಎಷ್ಟೋ ವರ್ಷವಾದ ಮೇಲೆ, 2018ರ ಡಿಸೆಂಬರಿನಲ್ಲಿ, 3,000 ಮೀಟರ್ ದಾಟಿದ ಮೇಲೆ ಮಾತಾಡಬಹುದು ಅಂತ ನಿಯಮ ಬಂತು.

ಮೊನ್ನೆ ವಿಮಾನದಲ್ಲಿ ಪಕ್ಕದ ಹುಡುಗ ವೈಫೈ ಪ್ಯಾಕ್ ಕೊಂಡ. ರೆಕ್ಕೆಯ ಫೋಟೋ ತೆಗೆದ. ಕಳಿಸಿದ. ಗುಂಡಗೆ ತಿರುಗುವ ಗೆರೆಯನ್ನು ಇಬ್ಬರೂ ಸುಮ್ನೆ ನೋಡುತ್ತಾ ಕೂತೆವು. ಕೆಳಗೆ ಬರೆದಿದ್ದ: "ಫ್ಲೈಟಲ್ಲಿದ್ದೀನಿ!"

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಗೊತ್ತು. ಗೀಸರ್ ಆಫ್ ಮಾಡಿದ್ಯಾ?"

ಹುಡುಗ ಕಿಟಕಿಯಿಂದ ಕೆಳಗೆ ನೋಡತೊಡಗಿದ.