ಪ್ರಾಸ್ಟೇಟ್ ಸ್ಕ್ಯಾನಿನಲ್ಲಿ ಇನ್ನೊಂದು ಗಂಟು ಕಂಡರೆ ಬೆನ್ನು ಹತ್ತಬೇಕೆ?

ಪರ

ಪ್ರಾಸ್ಟೇಟ್ ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿ ಹಬ್ಬಿದೆ ಎಂದು ನೋಡುವ ಪಿಎಸ್‌ಎಂಎ ಪೆಟ್ ಸ್ಕ್ಯಾನಿಗೆಂದು ಬಳ್ಳಾರಿ, ಸಂಡೂರು ಕಡೆಯ ಹಿರಿಯರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವುದುಂಟು. ಸಾವಿರಾರು ರೂಪಾಯಿ ಸುರಿದು ಇಡೀ ಮೈಯ ಚಿತ್ರ ತೆಗೆಸಿ, ಪ್ರಾಸ್ಟೇಟಿನ ಸಾಲಷ್ಟೇ ಓದಿ ಫೈಲು ಮುಚ್ಚಿದರೆ ಅದಕ್ಕಿಂತ ದಂಡ ಬೇರೆ ಇಲ್ಲ.

ಪಿಎಸ್‌ಎಂಎ ಎಂಬುದು ಪ್ರಾಸ್ಟೇಟ್ ಕ್ಯಾನ್ಸರ್ ಜೀವಕೋಶಗಳ ಮೇಲೆ ಹೆಚ್ಚಾಗಿರುವ ಒಂದು ಪ್ರೋಟೀನು; ಅದಕ್ಕೆ ಅಂಟುವ ವಿಕಿರಣ ಮದ್ದು ಚುಚ್ಚಿದರೆ ಸ್ಕ್ಯಾನಿನಲ್ಲಿ ಆ ಜಾಗ ಹೊಳೆಯುತ್ತದೆ. ಆದರೆ ಅದು ಪ್ರಾಸ್ಟೇಟೊಂದರದೇ ಸೊತ್ತಲ್ಲ. ಕಿಡ್ನಿ, ಥೈರಾಯ್ಡ್, ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳು ಹುಟ್ಟಿಸಿಕೊಳ್ಳುವ ಹೊಸ ರಕ್ತನಾಳಗಳಲ್ಲೂ ಆ ಪ್ರೋಟೀನು ಇರುವುದರಿಂದ ಅವೂ ಹೊಳೆಯುತ್ತವೆ. ಕಿಡ್ನಿಯದು ಮಾತ್ರ ತಕರಾರು. ಆರೋಗ್ಯವಾಗಿರುವ ಕಿಡ್ನಿಯೇ ಜೋರಾಗಿ ಹೊಳೆದು ಒಳಗಿನ ಗಡ್ಡೆಯನ್ನು ಮರೆಮಾಡಬಹುದು. ಪೆಟ್ ಜೊತೆಯಲ್ಲೇ ತೆಗೆಯುವ ಸಿಟಿ ಚಿತ್ರವನ್ನು ಕಣ್ಣಿಟ್ಟು ನೋಡಿದರೆ ಸಿಕ್ಕೀತು. ಕಿಡ್ನಿ ಕ್ಯಾನ್ಸರ್ ಬಹಳ ಸಲ ಗೊತ್ತಾಗುವುದೇ ಹೀಗೆ, ಬೇರೆ ಯಾವುದಕ್ಕೋ ತೆಗೆಸಿದ ಸ್ಕ್ಯಾನಿನಲ್ಲಿ. ಚಿಕ್ಕದಿರುವಾಗಲೇ ಸಿಕ್ಕರೆ ಗಡ್ಡೆಯನ್ನಷ್ಟೇ ತೆಗೆದು ಕಿಡ್ನಿ ಉಳಿಸಿಕೊಳ್ಳಬಹುದು. ಬರೀ ಎಂಆರ್‌ಐ ಆದರೂ ಮೂತ್ರಕೋಶ, ಗುದನಾಳ ಅದರಲ್ಲೇ ಬರುತ್ತವೆ. ಬೀಡಿಯಿಂದ ಮೂತ್ರಕೋಶಕ್ಕೂ ಕ್ಯಾನ್ಸರ್ ಬರಬಹುದು; ಸೇದಿದವರ ಮೂತ್ರಕೋಶವನ್ನು ನೋಡದೆ ಬಿಡುವುದು ಎಂಥ ನ್ಯಾಯ?

ಪ್ರಾಸ್ಟೇಟ್ ಕ್ಯಾನ್ಸರ್ ಹಲವರಲ್ಲಿ ನಿಧಾನಿ. ಶ್ವಾಸಕೋಶದ್ದು ಹಾಗಲ್ಲ. ಯಾವುದಕ್ಕೆ ಮೊದಲು ಚಿಕಿತ್ಸೆ ಎಂಬುದೇ ತಿರುವುಮುರುವಾದೀತು.

ವಿರೋಧ

"ಸರ, ಇನ್ನೊಂದೂ ಐತೇನ್ರಿ?" ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 5 ಮಿ.ಮೀ. ಗಂಟು, ಮುಂದಿನ ತಪಾಸಣೆ ಅಗತ್ಯ ಎಂದು ರಿಪೋರ್ಟು ಓದಿಸಿಕೊಂಡ ಹಿರಿಯರು ಕೇಳುವುದು ಇದನ್ನೇ. ಹಾಗೆ ಬರೆಯುವುದು ಡಾಕ್ಟರಿಗೆ ಸುಲಭ. ನಿದ್ದೆ ಕೆಡುವುದು ಮನೆಯವರದು.

ಟಿಬಿ ಬಂದು ಹೋದವರು, ಅದಿರಿನ ಗಣಿಯಲ್ಲಿ ದೂಳು ಕುಡಿದವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ. ಅವರ ಶ್ವಾಸಕೋಶದಲ್ಲಿ ಹಳೆ ಕಲೆ ಕಂಡರೆ ಅದೇನು ಸೋಜಿಗವೆ? ಸೂಜಿ ಚುಚ್ಚಿ ತುಣುಕು ತೆಗೆಯಹೋದರೆ ಶ್ವಾಸಕೋಶದಿಂದ ಗಾಳಿ ಸೋರಿ, ಎದೆಗೆ ನಳಿಕೆ ಹಾಕಿಸಿಕೊಂಡು ಮಲಗಬೇಕಾದೀತು. ಅಷ್ಟು ದಿನ ಪ್ರಾಸ್ಟೇಟಿನ ಚಿಕಿತ್ಸೆ ನಿಂತಿರುತ್ತದೆ.

ಹುಡುಕುತ್ತಾ ಹೋದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ನೋಡಿ. ಅಲ್ಲಿ 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆ ಶುರು ಮಾಡಿದಾಗ, ಕೈಯಿಂದ ಸ್ವಲ್ಪ ದುಡ್ಡು ಕೊಟ್ಟು ಕತ್ತಿನ ಅಲ್ಟ್ರಾಸೌಂಡನ್ನೂ ಮಾಡಿಸಿಕೊಳ್ಳುವುದು ರೂಢಿಯಾಯಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ರ 15 ಪಟ್ಟಾಯಿತು, ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಕತ್ತಿನ ಆಪರೇಷನ್ ಮಾಡಿಸಿ ಥೈರಾಯ್ಡ್ ತೆಗೆಸಿಕೊಂಡವರಲ್ಲಿ ಹೆಚ್ಚಿನವರು ಜೀವನಪೂರ್ತಿ ಥೈರಾಯ್ಡ್ ಮಾತ್ರೆ ನುಂಗಬೇಕಾಯಿತು.

ಎಲ್ಲವನ್ನೂ ಬಿಡಿ ಎನ್ನುವ ಮೊಂಡುತನ ನನಗಿಲ್ಲ. ಕಿಡ್ನಿಯಲ್ಲಿ ಘನ ಗಡ್ಡೆ ಕಂಡರೆ ಹಿಂದೆ ಬೀಳಿ, ಬರೀ ನೀರುಗುಳ್ಳೆಯಾದರೆ ಸುಮ್ಮನಿರಿ. ಶ್ವಾಸಕೋಶದ ಗಂಟಿಗೆ ಸೂಜಿಗಿಂತ ಮುಂಚೆ ಹಳೆ ಸಿಟಿ ಕೇಳಿ. ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲೋ ಇನ್ನೆಲ್ಲೋ ತೆಗೆಸಿದ್ದು ಮನೆಯ ಟ್ರಂಕಿನಲ್ಲಿ ಬಿದ್ದಿರುತ್ತದೆ. ಘನ ಗಂಟು ಎರಡು ವರ್ಷದಿಂದ ಬೆಳೆಯದೆ ಅಷ್ಟೇ ಇದ್ದರೆ ಅದು ಕ್ಯಾನ್ಸರ್ ಆಗಿರುವ ಸಂಭವ ತೀರಾ ಕಡಿಮೆ.