ಬ್ಯಾಗ್ ಇಡೋಕೂ ಜಾಗ ಇಲ್ವಂತೆ!

ತಂಗಿ ಮದುವೆ ಜವಳಿಗೆ ಅಂತ ದಾವಣಗೆರೆಯಿಂದ ನಾವು 9 ಜನ ಬೆಂಗಳೂರಿಗೆ ಹೋಗಿದ್ವಿ. ಚಿಕ್ಕಪೇಟೆಗೆ ಹತ್ತಿರ ಆಗ್ಲಿ ಅಂತ ಗಾಂಧಿನಗರದಲ್ಲೇ ಲಾಡ್ಜ್ ಹಿಡಿದ್ವಿ. ಪಕ್ಕದ ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆಗೆ ಮೆಟ್ರೋದಲ್ಲಿ ಒಂದೇ ಸ್ಟಾಪ್. ಮೂರೂ ರೂಮು ಅಕ್ಕಪಕ್ಕ ಕೊಡ್ತೀವಿ ಅಂತ ಫೋನಲ್ಲಿ ಒಪ್ಪಿದವರು ಕೊಟ್ಟದ್ದು ಒಂದನೇ, ಮೂರನೇ, ನಾಲ್ಕನೇ ಮಹಡಿಯಲ್ಲಿ. ಮಂಡಿನೋವಿನ ಅಜ್ಜಿ ಮೇಲೆ, ಅವರ ಮಾತ್ರೆ ಡಬ್ಬಿ ಕೆಳಗೆ.

ಅದನ್ನೂ ಸಹಿಸಿದ್ವಿ. ಸಹಿಸೋಕಾಗದ್ದು ಮಧ್ಯಾಹ್ನ 12ರ ಚೆಕ್‌ಔಟ್. ಜವಳಿ ಅಂಗಡಿ ಶಟರ್ ಏಳೋದೇ ಹತ್ತೂವರೆ ಹೊತ್ತಿಗೆ. ಧಾರೆ ಸೀರೆ ಒಂದು ಗಂಟೆಯಲ್ಲಿ ಆರಿಸೋಕಾಗತ್ತಾ? ಅಮ್ಮ ಸೆರಗನ್ನ ಬೆಳಕಿಗೆ ಹಿಡಿದು, ಮಗುಚಿ ಹಾಕಿ, ಜರಿ ಮೇಲೆ ಬೆರಳಾಡಿಸ್ತಿದ್ದಾಗ್ಲೇ ರಿಸೆಪ್ಷನ್‌ನಿಂದ ಮೂರನೇ ಫೋನು. ರಾತ್ರಿ ರೈಲಿನ ತನಕ ಬ್ಯಾಗಾದ್ರೂ ಇಟ್ಕೊಳ್ಳಿ ಅಂದ್ರೆ, ಜಾಗ ಇಲ್ಲ, ಬೇಕಾದ್ರೆ ಇನ್ನೊಂದು ದಿನದ ಬಾಡಿಗೆ ಕಟ್ಟಿ ಅಂದ್ರು!

ಪೇಟೆ ಪಕ್ಕದಲ್ಲೇ ಲಾಡ್ಜ್ ಇಟ್ಕೊಂಡು, ಚೀಲ ಇಡೋಕೆ ಒಂದು ಮೂಲೆ ಇಲ್ವಾ? ಮಾರ್ಚ್ ಬಿಸಿಲಲ್ಲಿ ಅಜ್ಜಿ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿ ಮೆಟ್ಟಿಲ ಮೇಲೆ ಆರು ಬ್ಯಾಗು ಕಾಯ್ತಾ ಕೂತಿದ್ರು. ನೆನೆಸಿಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ.