ಪರ-ವಿರೋಧ: ನವನಗರದ ಮನೆಗಳ ನಡುವೆ ರಾತ್ರಿ ತಂಗುದಾಣ ಬೇಕೆ?

ಮಲಗಲು ಜಾಗವಿಲ್ಲದ ಹೆಣ್ಣುಮಕ್ಕಳಿಗೆ, ಮಕ್ಕಳುಮರಿ ಕಟ್ಟಿಕೊಂಡ ಕುಟುಂಬಗಳಿಗೆ ಬಾಗಲಕೋಟೆ ನವನಗರದ ಸೆಕ್ಟರೊಂದರಲ್ಲಿ, ಮನೆಗಳ ನಡುವೆಯೇ, ರಾತ್ರಿ ತಂಗುದಾಣ ತೆರೆಯಬೇಕೆ? ಅಲ್ಲಿಯೇ ವಾಸವಿರುವ ಇಬ್ಬರು ಇಲ್ಲಿ ಬರೆದಿದ್ದಾರೆ. ಒಬ್ಬರು ನಿವೃತ್ತ ಬಸ್ ಕಂಡಕ್ಟರ್, ಇನ್ನೊಬ್ಬರು ಹೊಲಿಗೆ ಕೆಲಸದ ಹೆಣ್ಣುಮಗಳು.

ಪರ: ಬಸ್ಸಿಗೂ ವಸ್ತಿ ಇದೆ

ರಾತ್ರಿ ಹಳ್ಳಿಗೆ ಹೋಗಿ ಅಲ್ಲೇ ನಿಂತು, ನಸುಕಿನಲ್ಲಿ ಕಾಲೇಜು ಹುಡುಗರನ್ನೂ ಹಾಲಿನ ಕ್ಯಾನುಗಳನ್ನೂ ಹತ್ತಿಸಿಕೊಂಡು ಮರಳುವ ಬಸ್ಸಿಗೆ ನಮ್ಮ ಕಡೆ ವಸ್ತಿ ಬಸ್ ಅನ್ನುತ್ತಾರೆ. ನನ್ನ ಮೂವತ್ತು ವರ್ಷದ ಕಂಡಕ್ಟರಿಕೆಯಲ್ಲಿ ಅರ್ಧದಷ್ಟು ವಸ್ತಿ ಪಾಳಿಯಲ್ಲೇ ಕಳೆಯಿತು. ಹಳ್ಳಿಯ ಗುಡಿ ಮುಂದೆ ಬಸ್ ನಿಲ್ಲಿಸಿದರೆ ಯಾರದೋ ಮನೆಯಿಂದ ರೊಟ್ಟಿ, ಝುಣಕ ಬರುತ್ತಿತ್ತು. ಗುಡಿಯ ಕಟ್ಟೆಯ ಮೇಲೆ ಹಾಸಿಕೊಂಡು ನಾನು, ಡ್ರೈವರ್ ಇಬ್ಬರೂ ಮಲಗುತ್ತಿದ್ದೆವು. ನೀವು ಯಾರು, ಯಾವ ಪೈಕಿ ಎಂದು ಕೇಳಿ ಆಮೇಲೆ ಜಾಗ ಕೊಟ್ಟ ಊರನ್ನು ನಾನು ಕಂಡಿಲ್ಲ.

ಆ ವಸ್ತಿ ಬಸ್ ತಪ್ಪಿದ ಹೆಣ್ಣುಮಗಳು ಏನು ಮಾಡುತ್ತಾಳೆ ಎಂಬುದನ್ನೂ ಅಷ್ಟೇ ವರ್ಷ ನೋಡಿದ್ದೇನೆ. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಕೋಣೆಯ ಟ್ಯೂಬ್‌ಲೈಟ್ ಬೆಳಕು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಯವರೆಗೆ ಮಾತ್ರ ಅವಳ ಜಗತ್ತು. ಅದರಾಚೆ ಕಾಲಿಡುವುದಿಲ್ಲ. ಒಂದು ರಾತ್ರಿ ಹೀಗೆ ಕುಳಿತಿದ್ದ ಒಬ್ಬ ಮುದುಕಿಗೆ, "ಯವ್ವಾ, ನೀರು ಬೇಕೇನು?" ಎಂದು ಬಾಟಲಿ ಚಾಚಿದೆ. "ಬ್ಯಾಡೋ ಯಪ್ಪಾ, ಕುಡದ್ರ ಎದ್ದ ಹೋಗಬೇಕಾಕ್ಕೈತಿ" ಅಂದಳು. ಮಗಳ ಹೆರಿಗೆಗೆಂದು ಬಂದವಳು. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಜೊತೆ ಒಬ್ಬರಿಗಷ್ಟೇ ಜಾಗ. ಅಲ್ಲಿ ಬೀಗಿತ್ತಿ ಇದ್ದಳಂತೆ. ಮುದುಕಿಯ ಪಕ್ಕದಲ್ಲಿ ನಾಲ್ಕೈದು ವರ್ಷದ ಮೊಮ್ಮಗ ಮಲಗಿದ್ದ. ಅವನ ಕಾಲಿಗೆ ತನ್ನ ಸೆರಗಿನ ತುದಿ ಕಟ್ಟಿ ಗಂಟು ಹಾಕಿದ್ದಳು. ತನಗೇನಾದರೂ ನಿದ್ದೆ ಹತ್ತಿ, ಯಾರಾದರೂ ಹುಡುಗನನ್ನು ಎತ್ತಿಕೊಂಡರೆ ಸೆರಗು ಜಗ್ಗಿ ಎಚ್ಚರವಾಗಲಿ ಎಂದು. ಆ ಗಂಟು ನೋಡಿದ ಮೇಲೆ ಈ ವಿಷಯದಲ್ಲಿ ನನಗೆ ಎರಡು ಮನಸ್ಸು ಉಳಿದಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಆಸ್ಪತ್ರೆಗೆ, ಕೋರ್ಟಿಗೆ, ಕೆಲಸ ಹುಡುಕಲಿಕ್ಕೆ ಒಬ್ಬಂಟಿಯಾಗಿ ಬರುವ ಧೈರ್ಯ ಬಂತು. ಊರಿಗೆ ಕರೆತಂದಿದ್ದು ಸರಿ, ಕತ್ತಲಾದ ಮೇಲೆ ಅವರು ಎಲ್ಲಿರಬೇಕು? ಗೋವಾ, ಮಂಗಳೂರಿಗೆ ಗುಳೆ ಹೋದ ಬಾದಾಮಿ, ಹುನಗುಂದ ಕಡೆಯ ಕುಟುಂಬಗಳು ನಡುರಾತ್ರಿ ಇಲ್ಲಿ ಇಳಿದು, ಪಾತ್ರೆ ತುಂಬಿದ ಗೋಣಿಚೀಲವನ್ನೇ ದಿಂಬು ಮಾಡಿಕೊಂಡು ಬೆಳಗು ಕಾಯುತ್ತವೆ. ಗಂಡ ಹೊರಹಾಕಿದವಳು, ಬಾಡಿಗೆ ಕಟ್ಟಲಾಗದೆ ಕೋಣೆ ಬಿಟ್ಟವಳು ಬೇರೆ.

ಅವರಿಗೆಲ್ಲ ಸರ್ಕಾರಿ ಜಾಗಗಳು ಇವೆಯಲ್ಲ ಎನ್ನುವವರು ಒಂದಿಷ್ಟು ವಿಚಾರಿಸಿ ನೋಡಬೇಕು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ನಾವೆಲ್ಲ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 3ರಂತೆ ಉಪಕರ ಕಟ್ಟುತ್ತೇವೆ. ಅದು ಹೋಗುವುದು ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ. ಅವು ಇರುವುದು ಭಿಕ್ಷೆ ಬೇಡುವವರಿಗಾಗಿ. ಆ ಮುದುಕಿ ಯಾರ ಮುಂದೂ ಕೈ ಒಡ್ಡಿದವಳಲ್ಲ. 2015ರಲ್ಲಿ ಶುರುವಾದ ಸಖಿ ಕೇಂದ್ರ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ಐದು ದಿನದ ಆಸರೆ ಕೊಡುತ್ತದೆ. ಶುರುವಾದಾಗಿನ ನಿಯಮದಲ್ಲಿ, ಜೊತೆಗೆ 8 ವರ್ಷ ದಾಟಿದ ಗಂಡುಮಗ ಇದ್ದರೆ ಅವನಿಗೆ ಅಲ್ಲಿ ಜಾಗವಿರಲಿಲ್ಲ. ಹತ್ತು ವರ್ಷದ ಹುಡುಗನನ್ನು ಬೀದಿಯಲ್ಲಿ ಬಿಟ್ಟು ಯಾವ ತಾಯಿ ಒಳಗೆ ಹೋಗಿ ಮಲಗುತ್ತಾಳೆ? ಕುಟುಂಬಗಳಿಗೂ ಜಾಗ ಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಎಂದಿತ್ತು, ಒಬ್ಬೊಬ್ಬರಿಗೆ 50 ಚದರ ಅಡಿ. 2011ರ ಜನಗಣತಿಯಲ್ಲೇ ಬಾಗಲಕೋಟೆ 1 ಲಕ್ಷ 10 ಸಾವಿರ ದಾಟಿತ್ತು. ನಾವು ಕೇಳುತ್ತಿರುವುದು ಒಂದೇ ಒಂದು.

ಆಗಲಿ, ಊರ ಹೊರಗೆ ಮಾಡಲಿ, ಇಲ್ಲಿ ಎಲ್ಲಿಂದಲೋ ಬಂದವರು ಬೇಡ ಎಂಬ ಮಾತು ಕೇಳಿದ್ದೇನೆ. ಈ ಸೆಕ್ಟರುಗಳಲ್ಲಿ ಬೇರೆ ಎಲ್ಲಿಂದಲೋ ಬರದವರು ಯಾರಿದ್ದಾರೆ? ಹಳೇ ಬಾಗಲಕೋಟೆಯಲ್ಲಿ ನಮ್ಮ ಮನೆ ಘಟಪ್ರಭೆ ಕಡೆಗಿನ ಓಣಿಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ನೀರು 519.60 ಮೀಟರಿಗೆ ನಿಂತು ನಮ್ಮ ಓಣಿ ಮುಳುಗುತ್ತದೆ ಎಂದಾದಾಗ ಓಣಿಗೆ ಓಣಿಯೇ ಎದ್ದು ಈ ನವನಗರಕ್ಕೆ ಬಂತು. ಬಾಗಿಲು, ಚೌಕಟ್ಟು, ಜಂತಿ ಕಿತ್ತು ಟ್ರ್ಯಾಕ್ಟರಿಗೆ ಹೇರಿದೆವು. ಮನೆ ಮುಂದಿನ ಕಟ್ಟೆಯನ್ನು ಮಾತ್ರ ತರಲಾಗಲಿಲ್ಲ. ಸಂತೆಗೆ ಬಂದು ಹೊತ್ತಾದವರು ಆ ಕಟ್ಟೆಯ ಮೇಲೆ ಮಲಗುತ್ತಿದ್ದರು, ನಮ್ಮವ್ವ ಒಂದು ತಂಬಿಗೆ ನೀರಿಟ್ಟು ಬಾಗಿಲು ಹಾಕುತ್ತಿದ್ದಳು. ಇಲ್ಲಿ ಕಟ್ಟೆಯ ಜಾಗದಲ್ಲಿ ಕಂಪೌಂಡು, ಗೇಟು ಬಂದವು. ಅಣೆಕಟ್ಟಿನ ನೀರು 524.256 ಮೀಟರಿಗೆ ಏರುವ ದಿನ ಇನ್ನೂ ಎಷ್ಟು ಊರಿನವರು ಗಂಟುಮೂಟೆ ಕಟ್ಟಬೇಕೋ.

ಊರ ಹೊರಗಿನ ಬಯಲಲ್ಲಿ ಒಂಟಿ ಕಟ್ಟಡ ಕಟ್ಟಿದರೆ ಅಲ್ಲಿ ಮಲಗುವ ಹೆಣ್ಣುಮಕ್ಕಳು ಕೂಗಿದರೂ ಕೇಳುವವರಿರುವುದಿಲ್ಲ. ಆಚೀಚೆ ಮನೆಗಳಿರಬೇಕು, ಬೆಳಿಗ್ಗೆ ಐದಕ್ಕೆ ಅಂಗಳ ಗುಡಿಸುವ ಸಪ್ಪಳ ಕೇಳಬೇಕು. ಒಳಗೆ ಹೆಣ್ಣುಮಕ್ಕಳೇ ಉಸ್ತುವಾರಿ ಇರಲಿ. ಗೇಟಿನ ಹೊರಗೆ ಕೂರುವ ಪಾಳಿಗೆ ನನ್ನ ಹೆಸರು ಬರೆದುಕೊಳ್ಳಿ. ರಾತ್ರಿ ಎಚ್ಚರ ಇದ್ದು ನನಗೆ ರೂಢಿಯಿದೆ.

ವಿರೋಧ: ಕೀಲಿಕೈ ಯಾರ ಹತ್ತಿರ?

ಕಂಡಕ್ಟರ್ ಕಾಕಾ ಅವರ ಮನಸ್ಸು ನನಗೆ ಗೊತ್ತು. ಅವರು ಹೇಳಿದ ಆ ಮುದುಕಿಯ ಜಾಗದಲ್ಲಿ ನಾನು ಕುಳಿತವಳು. ಹಾಗಾಗಿಯೇ ಬೇಡ ಅನ್ನುತ್ತಿದ್ದೇನೆ.

2009ರಲ್ಲಿ ಸೆಪ್ಟೆಂಬರ್ ಮುಗಿದು ಅಕ್ಟೋಬರ್ ಹತ್ತುವಾಗ ಮಲಪ್ರಭೆ ಉಕ್ಕಿ ನಮ್ಮ ಮನೆ ಕುಸಿಯಿತು. ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪಕ್ಕದೂರಿನ ಶಾಲೆಯ ಗಂಜಿ ಕೇಂದ್ರದಲ್ಲಿ ಹತ್ತೊಂಬತ್ತು ದಿನ ಇದ್ದೆ. ಬೆಂಚುಗಳನ್ನು ಗೋಡೆಗೆ ಸರಿಸಿ, ಹಗ್ಗಕ್ಕೆ ಸೀರೆ ಕಟ್ಟಿ, ಆಚೆಗೆ ಒಂದು ಸಂಸಾರ, ಈಚೆಗೆ ಒಂದು ಸಂಸಾರ. ಎಲ್ಲರೂ ನಮ್ಮಂಥವರೇ, ನೊಂದವರೇ. ಆದರೂ ಕರೆಂಟು ಹೋದಾಗ ಎರಡೂ ಕೈಯನ್ನು ಮಕ್ಕಳ ತಲೆ ಮೇಲಿಟ್ಟುಕೊಂಡು ಕೂತಿರುತ್ತಿದ್ದೆ. ಒಂದು ಸಲ ಯಾವುದೋ ಕೈ ಸೀರೆಯನ್ನು ಸರಿಸಿತು. ಯಾರದೆಂದು ಇವತ್ತಿಗೂ ಗೊತ್ತಾಗಿಲ್ಲ. ಶಾಲೆಗೆ ಪಾಯಿಖಾನೆ ಇತ್ತು, ಅದಕ್ಕೆ ಕೀಲಿ ಹಾಕಿತ್ತು, ಕೀಲಿಕೈ ಇದ್ದ ಜವಾನ ಬೇರೆ ಊರಿನವನು. ನಾವು ಹೆಂಗಸರೆಲ್ಲ ಕೋಳಿ ಕೂಗುವ ಮೊದಲೇ ಗುಂಪು ಕಟ್ಟಿಕೊಂಡು ಜಾಲಿ ಕಂಟಿಯ ಮರೆಗೆ ಹೋಗುತ್ತಿದ್ದೆವು.

ತಂಗುದಾಣ ಎಂದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಆ ಕೀಲಿ. ಒಂಟಿ ಹೆಣ್ಣುಮಕ್ಕಳನ್ನೂ ಕುಟುಂಬಗಳನ್ನೂ ಒಂದೇ ಸೂರಿನಡಿ ಮಲಗಿಸುವುದಕ್ಕೆ ನಾನು ಯಾವ ಕಾಲಕ್ಕೂ ಒಪ್ಪುವುದಿಲ್ಲ. ಕುಟುಂಬ ಎಂದರೆ ಗಂಡಸರೂ ಬರುತ್ತಾರೆ. ಹೊಡೆದು ಹೊರಗೆ ಹಾಕಿದ ಗಂಡನೇ "ನಾನು ಇವಳ ಗಂಡ, ಒಳಗೆ ಬಿಡಿ" ಎಂದು ರಾತ್ರಿ ಹನ್ನೊಂದಕ್ಕೆ ಗೇಟು ಬಡಿದರೆ ಅವನನ್ನು ತಡೆಯುವ ಅಧಿಕಾರ ಯಾರಿಗಿದೆ? ಹೊರಗೆ ಕೂತ ಕಾಕಾ ಅವರಿಗಂತೂ ಇಲ್ಲ.

ಇನ್ನು ಜಾಗದ ಮಾತು. 2009ರ ನೆರೆಯ ನಂತರ ಆಸರೆ ಯೋಜನೆಯಲ್ಲಿ ಮನೆ ಕಟ್ಟಿದರು. ಹೊಲಕ್ಕೆ ದೂರವಾಯಿತು, ದನ ಕಟ್ಟಲು ಜಾಗವಿಲ್ಲ ಎಂದು ಎಷ್ಟೋ ಕಡೆ ಜನ ಹೋಗಲಿಲ್ಲ; ಮನೆಗಳು ಖಾಲಿ ಬಿದ್ದು ಕಿಟಕಿ, ಬಾಗಿಲು ಹೋದವು. ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕಟ್ಟಿದರೆ ಆಗುವುದು ಹೀಗೇ. ಕಾಕಾ ಹೇಳುವ ಮಾರ್ಗಸೂಚಿಯಲ್ಲೇ ತಂಗುದಾಣ ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆಗಳ ಹತ್ತಿರ ಇರಬೇಕು ಎಂದಿತ್ತು. ನಮ್ಮ ಸೆಕ್ಟರಿನ ಒಳಗಿನ ರಸ್ತೆಗೆ ರಾತ್ರಿ ಒಂಬತ್ತರ ಮೇಲೆ ಒಂದು ಟಂಟಂ ಬರುವುದಿಲ್ಲ, ನಾಯಿ ಬೆನ್ನು ಹತ್ತುತ್ತವೆ. ಹಳೇ ಬಸ್ ನಿಲ್ದಾಣದಲ್ಲಿ ನಿದ್ದೆಗೆ ಜಾರಿದ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತವಳು ನೂರು ರೂಪಾಯಿ ಆಟೊ ಮಾಡಿಕೊಂಡು ಇಲ್ಲಿಗೆ ಬರುತ್ತಾಳೆಯೇ? ಅವಳ ಹತ್ತಿರ ಆ ನೂರು ಇದ್ದಿದ್ದರೆ!

ಮತ್ತೆ, ಬರೀ ರಾತ್ರಿ ಯಾಕೆ? ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಕಳಿಸಿದರೆ ಜ್ವರ ಬಂದ ಮಗುವನ್ನು ಕಟ್ಟಿಕೊಂಡು ಅವಳು ಎಲ್ಲಿ ಹೋಗಬೇಕು? ಅದೇ ಮಾರ್ಗಸೂಚಿ ಕೇಳಿದ್ದು ದಿನದ 24 ಗಂಟೆ ತೆರೆದಿರುವ ತಂಗುದಾಣ, ಎಂಟೆಂಟು ತಾಸಿನ ಪಾಳಿಯಲ್ಲಿ ಮೂವರು ಉಸ್ತುವಾರಿಗಳು. ಆ ಯೋಜನೆಯಲ್ಲಿ ನಿರ್ವಹಣೆಗೆ ಹಣ ಐದು ವರ್ಷದ ಮಟ್ಟಿಗೆ ಎಂದಿತ್ತು. ಆಮೇಲಿನ ಪಗಾರ, ನೀರಿನ ಮೋಟಾರು, ಹಾಸಿಗೆ ತೊಳೆಯುವ ಸಾಬೂನು ಯಾರ ಲೆಕ್ಕಕ್ಕೆ? ಕಟ್ಟಡ ಕೆಲಸಕ್ಕೆ ಬರುವ ಕುಟುಂಬಗಳದು ಇನ್ನೊಂದು ಬಗೆ. ಕೆಲಸ ನಡೆಯುವಲ್ಲಿ ಮಾಲೀಕನೇ ಬಾಡಿಗೆ ಇಲ್ಲದೆ ವಸತಿ ಕೊಡಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಗುತ್ತಿಗೆದಾರನ ಹೊಣೆಯನ್ನು ನಗರಸಭೆ ಯಾಕೆ ಹೊರಬೇಕು?

ನೆರೆಹೊರೆಯವರ ಬಗ್ಗೆಯೂ ಒಂದು ಮಾತು. ಅವರು ಕೆಟ್ಟವರಲ್ಲ, ನಾನೂ ಅವರಲ್ಲೊಬ್ಬಳು. ಆದರೆ ಒಂದು ಸೈಕಲ್ ಕಳುವಾದ ದಿನ ಎಲ್ಲರ ಕಣ್ಣು ಮೊದಲು ಯಾವ ಕಟ್ಟಡದ ಕಡೆ ಹೋಗುತ್ತದೆ ಎಂದು ನನಗೆ ಗೊತ್ತು. ನನ್ನ ದೊಡ್ಡ ಮಗಳಿಗೆ ಶಾಲೆಯಲ್ಲಿ ಎರಡು ವರ್ಷ "ಗಂಜಿ ಕೇಂದ್ರದಾಕಿ" ಎಂಬ ಹೆಸರೇ ಉಳಿದಿತ್ತು. ಅವಳು ಅದನ್ನು ನನಗೆ ಹೇಳಿದ್ದು ಮದುವೆಯಾದ ಮೇಲೆ.

ಆಸ್ಪತ್ರೆಗೆ ಬಂದವರಿಗೆ ಆಸ್ಪತ್ರೆಯ ಆವರಣದಲ್ಲೇ ಜಾಗ ಬೇಕು. ಬಸ್ ತಪ್ಪಿದವರಿಗೆ ಬಸ್ ನಿಲ್ದಾಣದೊಳಗೇ ಒಂದು ಕೋಣೆ, ಒಳಗಿನಿಂದ ಹಾಕುವ ಚಿಲಕ, ಹಗಲೂ ರಾತ್ರಿ ತೆರೆದ ಪಾಯಿಖಾನೆ, ಒಬ್ಬ ಮಹಿಳಾ ಪೊಲೀಸ್ ಸಾಕು. ಮನೆಯೇ ಇಲ್ಲದವಳಿಗೆ ಬೇಕಿರುವುದು ಮನೆ. ನಾನು ಈ ಊರಿಗೆ ಬಂದಾಗ ಏಳು ಮನೆಯವರು "ಯಜಮಾನರು ಎಲ್ಲಿದಾರ?" ಎಂದು ಕೇಳಿ ಬಾಗಿಲು ಹಾಕಿದರು. ನನ್ನ ಹತ್ತಿರ ಬಾಡಿಗೆ ಇತ್ತು, ಹತ್ತು ಸಾವಿರ ಡಿಪಾಸಿಟ್ ಇರಲಿಲ್ಲ, ಜಾಮೀನು ನಿಲ್ಲುವ ಗಂಡಸು ಇರಲಿಲ್ಲ. ತಂಗುದಾಣದ ದುಡ್ಡಿನಲ್ಲಿ ಅಂಥವರ ಡಿಪಾಸಿಟ್ ಕಟ್ಟಿ ನಗರಸಭೆಯೇ ಜಾಮೀನು ನಿಂತರೆ ಎಷ್ಟು ಹೆಣ್ಣುಮಕ್ಕಳು ಬದುಕಿಯಾರು.

ಎಂಟನೇ ಮನೆಯ ಅಜ್ಜಿ ಏನೂ ಕೇಳಲಿಲ್ಲ. ತಗಡಿನ ಒಂದು ಕೋಣೆ, ಕೀಲಿಕೈ ನನ್ನ ಕೈಗಿಟ್ಟಳು. ಅವತ್ತು ರಾತ್ರಿ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿದೆವು. ಮರುದಿನ ಬಿಸಿಲು ಏರಿ ತಗಡು ಕಾಯುವವರೆಗೆ ಹುಡುಗಿಯರಿಬ್ಬರೂ ಏಳಲೇ ಇಲ್ಲ.